ಹನ್ನೊಂದು ಅರ್ಥದ ಅರ್ಜಿ

ಸವದತ್ತಿಯ ಸರ್ಕಾರಿ ಕಚೇರಿಯೊಂದರ ಅಂಗಳದಲ್ಲಿ ಒಂದು ಬೇವಿನ ಮರವಿದೆ. ಯಾವ ಕಚೇರಿ ಎಂದು ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿಂದ ವಿವರಣೆ ಕೇಳಿ ಪತ್ರ ಬರುತ್ತದೆ, ಉತ್ತರ ಬರೆದರೆ ಆ ಉತ್ತರಕ್ಕೊಂದು ನಂಬರು ಬೀಳುತ್ತದೆ, ನಂಬರು ಬಿದ್ದ ಕಾಗದದ ಗತಿ ಏನಾಗುತ್ತದೆ ಎಂಬುದೇ ಈ ಕಥೆ.

ಆ ಮರದ ಬುಡದಲ್ಲಿ ಯಾಕೂಬಸಾಬರು ಇಪ್ಪತ್ತೆರಡು ವರ್ಷದಿಂದ ಕೂತು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದರು. ಮುಂದೆ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೊಂದು ಟೈಪ್‌ರೈಟರು. ವಯಸ್ಸಿನಲ್ಲಿ ಅದು ಸಾಬರಿಗಿಂತ ಹಿರಿಯದು, ಹಲ್ಲುಗಳ ವಿಷಯದಲ್ಲಿ ಇಬ್ಬರೂ ಸಮ. ಅದರ 'ಕ್ಯೂ' ಅಕ್ಷರ ಯಾವ ಕಾಲದಲ್ಲೋ ಮುರಿದುಹೋಗಿತ್ತು. ಹೀಗಾಗಿ ಸಾಬರಿಗೆ 'ರಿಕ್ವೆಸ್ಟ್' ಎಂದು ಹೊಡೆಯಲು ಬರುತ್ತಿರಲಿಲ್ಲ. ಅದರ ಬದಲು 'ಬೆಗ್' ಎಂದು ಹೊಡೆಯುತ್ತಿದ್ದರು. ಒಂದು ಕೀಲಿ ಮುರಿದ ಕಾರಣಕ್ಕೆ ಇಡೀ ಸೀಮೆಯ ಜನ ಸರ್ಕಾರಕ್ಕೆ ವಿನಂತಿ ಮಾಡುವುದನ್ನು ಬಿಟ್ಟು ಇಪ್ಪತ್ತೆರಡು ವರ್ಷದಿಂದ ಬೇಡಿಕೊಳ್ಳುತ್ತಲೇ ಇದ್ದರು.

ಮರದ ಇನ್ನೊಂದು ಮಗ್ಗುಲಿಗೆ ಗಂಗಯ್ಯನವರು. ಅವರದು ಬರೀ ಕನ್ನಡ, ಬರೀ ಪೆನ್ನು. ಮುಂಜಾನೆ ನೆರಳು ಸಾಬರ ಕಡೆಗೆ, ಮಧ್ಯಾಹ್ನದ ನಂತರ ಗಂಗಯ್ಯನವರ ಕಡೆಗೆ. ಗಿರಾಕಿಗಳೂ ನೆರಳಿನ ಜೊತೆಗೇ ಸರಿಯುತ್ತಿದ್ದುದರಿಂದ ಇಬ್ಬರ ನಡುವೆ ಜಗಳವಿರಲಿಲ್ಲ. ಜಗಳ ಶುರುವಾದದ್ದು ಬೋರ್ಡಿನಿಂದ.

೧೯೯೭ರ ಶ್ರಾವಣದಲ್ಲಿ ಯಾಕೂಬಸಾಬರು ಹೊಸ ಬೋರ್ಡು ಬರೆಸಿದರು. 'ಯಾಕೂಬಸಾಬ, ಕನ್ನಡ–ಇಂಗ್ಲೀಷ್ ಅರ್ಜಿ ಬರೆಯುವವರು. ಇಂಗ್ಲೀಷ್ ಶಬ್ದಗಳ ಅರ್ಥ ಹೇಳಲಾಗುವುದು.' ಪೇಂಟರು ಎರಡನೆಯ ಸಾಲನ್ನು ಹಲಗೆಯ ಬಲಕ್ಕೆ ಒತ್ತಿ ಬರೆದುಬಿಟ್ಟಿದ್ದ. ಎಡಕ್ಕೆ ಒಂದು ಗೇಣು ಖಾಲಿ ಉಳಿಯಿತು.

"ಜಾಗಾ ಉಳೀತ್ರಿ ಸಾಬ್ರ. ಒಂದ ಹೂವು ಬರೀಲ್ಯಾ?"

"ಹೂವ್ಯಾಕ? ಅರ್ಜಿ ಬರಿಯಾಂವ ನಾ, ಹೂಗಾರ ಅಲ್ಲ. ಒಂದ ವಜನದ ಶಬ್ದ ಹಾಕು."

ಪೇಂಟರು ತಲೆ ಕೆರೆದುಕೊಂಡು 'ಸಕಲ' ಎಂದು ಬರೆದ. ಮೂರಕ್ಷರ, ಒಂದು ಗೇಣಿಗೆ ಸರಿಯಾಗಿ ಕೂತವು. ಹೀಗೆ ಯಾಕೂಬಸಾಬರು ಇಂಗ್ಲೀಷಿನ ಸಕಲ ಶಬ್ದಗಳ ಹೊಣೆ ಹೊತ್ತುಕೊಂಡರು. ಮೆಟ್ರಿಕ್ಕಿನಲ್ಲಿ ಅವರಿಗೆ ಇಂಗ್ಲೀಷಿಗೆ ಮೂವತ್ತೇಳು ಬಿದ್ದಿತ್ತು.

ಗಂಗಯ್ಯನವರು ಬೋರ್ಡು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. "ಸಕಲ! ಆ ಬ್ರಿಟಿಷರು ಇದ್ದಿದ್ರ ಬಂದು ಕಲ್ಕೊಂಡ ಹೋಗತಿದ್ರು."

ಎಂಟು ದಿನದ ಮೇಲೆ ಮುನವಳ್ಳಿಯಿಂದ ರಾಚವ್ವ ಬಂದಳು. ಅರವತ್ತು ದಾಟಿದ ಒಕ್ಕಲಗಿತ್ತಿ, ದನಿ ಮಾತ್ರ ಇಪ್ಪತ್ತರದು. ಅವಳ ಹೊಲಕ್ಕೆ ಹೋಗುವ ಚಕ್ಕಡಿ ದಾರಿಯನ್ನು ಮಗ್ಗುಲ ಹೊಲದ ಅಮೋಘಸಿದ್ದಪ್ಪ ಹರಗಿ ಜೋಳ ಬಿತ್ತಿಬಿಟ್ಟಿದ್ದ. ದಾರಿ ಬಿಡಿಸಿಕೊಡಿ ಎಂದು ಅವಳು ಕೊಟ್ಟ ಅರ್ಜಿಯ ಜೋಡುಪ್ರತಿ ಕೈಗೆ ಬಂದಿತ್ತು. ಅದರ ಅಂಚಿನಲ್ಲಿ ಹೆಡ್‌ಕ್ಲಾರ್ಕ್ ಪರಪ್ಪನವರು ಕೆಂಪು ಶಾಯಿಯಲ್ಲಿ ಇಂಗ್ಲೀಷಿನ ಎರಡು ಶಬ್ದ ಗೀಚಿದ್ದರು: 'ಪುಟ್ ಅಪ್'.

"ಸಾಬಣ್ಣ, ಇದೇನ ಬರದಾರ ನೋಡಪಾ. ನನ್ನ ದಾರಿ ಕೊಟ್ಟಾರೋ, ನುಂಗ್ಯಾರೋ?"

ಸಾಬರು ಆ ಎರಡು ಶಬ್ದಗಳನ್ನು ಸಾವಿರ ಸಲ ನೋಡಿದ್ದರು. ಆ ಕಚೇರಿಯಿಂದ ಬಂದ ಕಾಗದಗಳಲ್ಲಿ ಅವು ಇಲ್ಲದ ಕಾಗದ ಇರಲಿಲ್ಲ. ಆದರೆ ಅರ್ಥ ಕೇಳಿದವರು ಇವಳೇ ಮೊದಲು. ತಲೆಯ ಮೇಲೆ ಬೋರ್ಡು ಬೇರೆ.

"ಪುಟ್ ಅಂದ್ರ ಇಡು. ಅಪ್ ಅಂದ್ರ ಮ್ಯಾಲ. ನಿನ್ನ ಕಾಗದಾ ಎತ್ತಿ ಮ್ಯಾಲ ಇಟ್ಟಾರಬೇ."

"ಎಲ್ಲಾರಕಿಂತ ಮ್ಯಾಲ?"

"ಎಲ್ಲಾರಕಿಂತ."

ರಾಚವ್ವ ಮರಕ್ಕೂ ಸಾಬರಿಗೂ ಒಟ್ಟಿಗೇ ಕೈಮುಗಿದು ಬಸ್ಸು ಹತ್ತಿದಳು.

ಸಾಬರಿಗೆ ಆದರೂ ಒಳಗೊಳಗೆ ಅಳುಕು. ಶನಿವಾರ ಮಗಳು ತಸ್ಲೀಮ್ ಬೈಲಹೊಂಗಲದಿಂದ ಬಂದಳು. ಅಲ್ಲಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು, ಇಟ್ಟಿಗೆಯಷ್ಟು ದಪ್ಪದ ಡಿಕ್ಷನರಿ ಇಟ್ಟುಕೊಂಡಿದ್ದಳು. ಅಪ್ಪ ಕೇಳಿದ್ದಕ್ಕೆ ಬೆರಳು ಮಡಚುತ್ತ ಹೇಳಿದಳು.

"ಒಂದಲ್ಲಬ್ಬಾ, ಹನ್ನೊಂದು ಅರ್ಥ ಅದಾವು. ಕಟ್ಟು, ತೂಗಹಾಕು, ಎತ್ತಿ ಮ್ಯಾಲಿಡು, ರೇಟ್ ಏರಸು, ಬಂದ ಬೀಗರನ್ನ ಇಳಿಸ್ಕೋ, ನೀನಽ ಎಲ್ಲ್ಯಾರ ಹೋಗಿ ಇಳಕೋ, ಎಲೆಕ್ಷನ್ನಿಗೆ ನಿಲ್ಲಸು, ಮಾರಾಕ ಇಡು, ಉಪ್ಪಿನಕಾಯಿ ಹಾಕಿಡು, ತಲವಾರ ಒರಿಯಾಗ ಸೇರಸು, ಸಹಿಸ್ಕೋ. ಮತ್ತ ಒಂದೊಂದಕ್ಕೂ ಜೋಡಿ ಶಬ್ದ ಬ್ಯಾರೆ. ಸಹಿಸ್ಕೋ ಅನ್ನೂದಕ್ಕ ಟಾಲರೇಟ್, ಎಂಡ್ಯೂರ್, ಬೇರ್..."

"ಬೇರ್ ಅಂದ್ರ ಕರಡಿ ಅಲ್ಲೇನ?"

"ಅದೂ ಹೌದು. ಆದ್ರ ಸಹಿಸ್ಕೋ ಅನ್ನಬೇಕಂದ್ರ ಪುಟ್ ಅಪ್ ಹಿಂದ 'ವಿಥ್' ಬೇಕಬ್ಬಾ. ಅದಿಲ್ಲದಽ..."

ಆದರೆ ಸಾಬರು ಅಷ್ಟರಲ್ಲಿ ಎದ್ದು ನಿಂತಿದ್ದರು. ಎರಡು ಶಬ್ದಕ್ಕೆ ಹನ್ನೊಂದು ಅರ್ಥ! ಇಷ್ಟು ವರ್ಷ ಬಡವರಂತೆ ಬದುಕಿದೆನಲ್ಲ ಎಂದು ಅವರಿಗೆ ಅನ್ನಿಸಿತು.

ಸೋಮವಾರದಿಂದ ಅವರು ಅರ್ಥಗಳನ್ನು ಹಂಚತೊಡಗಿದರು. ಗಿರಾಕಿಯ ಮುಖ ನೋಡಿ, ಯಾರಿಗೆ ಯಾವುದು ಒಪ್ಪುತ್ತದೋ ಅದನ್ನು ಕೊಡುವುದು. ಮನೆ ಕಟ್ಟಲು ಪರವಾನಿಗೆ ಕೇಳಿದವನಿಗೆ 'ಕಟ್ಟು ಅಂದಾರ'. ಅವನು ಹೋಗಿ ಪಾಯಾ ಅಗೆದ. ಅಂಗಡಿಯವನಿಗೆ 'ರೇಟ್ ಏರಸು ಅಂದಾರ'. ಅವನಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಬುಧವಾರ ಅಮೋಘಸಿದ್ದಪ್ಪ ಬಂದ. 'ಅಲ್ಲಿ ದಾರಿಯೇ ಇರಲಿಲ್ಲ' ಎಂದು ಅವನೂ ಒಂದು ಅರ್ಜಿ ಕೊಟ್ಟಿದ್ದ. ಅದರ ಅಂಚಿನಲ್ಲೂ ಅದೇ ಕೆಂಪು ಶಾಯಿ. ಗಂಟು ಮುಖದ, ದಪ್ಪ ಮೀಸೆಯ ಆಸಾಮಿ. ಸಾಬರು ಆ ಮುಖಕ್ಕೆ ಒಪ್ಪುವ ಅರ್ಥ ಆರಿಸಿದರು.

"ಸಹಿಸ್ಕೋ ಅಂತ ಬರದಾರಪಾ."

"ಏನ ಸಹಿಸ್ಕೋಬೇಕ್ರಿ?"

"ಅದನ್ನ ಬರದಿಲ್ಲ. ಬಂದದ್ದನ್ನ."

ಸಾಬರು ಮರೆತ ಸಂಗತಿ ಒಂದೇ. ಮುನವಳ್ಳಿಗೆ ಹೋಗುವ ಸಂಜೆಯ ಬಸ್ಸು ಒಂದೇ. ಗುರುವಾರ ಅದರಲ್ಲಿ ರಾಚವ್ವ ಮುಂದಿನ ಸೀಟಿನಲ್ಲಿ, ಅಮೋಘಸಿದ್ದಪ್ಪ ಹಿಂದಿನ ಸೀಟಿನಲ್ಲಿ.

"ನನ್ನ ಕಾಗದಾ ಎಲ್ಲಾರಕಿಂತ ಮ್ಯಾಲ ಇಟ್ಟಾರ!" ರಾಚವ್ವ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು.

ಅಮೋಘಸಿದ್ದಪ್ಪ ತನ್ನ ಕಾಗದ ತೆಗೆದ. ಕಂಡಕ್ಟರು ಎರಡನ್ನೂ ಪಕ್ಕಪಕ್ಕ ಹಿಡಿದು, ಚಿಲ್ಲರೆ ಎಣಿಸುವ ಗಾಂಭೀರ್ಯದಲ್ಲಿ ನೋಡಿ, ತೀರ್ಪು ಕೊಟ್ಟ: "ಎರಡೂ ಒಂದಽ ಅಕ್ಷರ ಅದಾವಲ್ರಿ! ಈಕಿಗೆ ಮ್ಯಾಲ, ಇಂವಗ ಸಹಿಸ್ಕೋ? ಯಾಂವ ಹೇಳಿದಾಂವ?"

ಮರುದಿನ ಬೇವಿನ ಮರದ ಕೆಳಗೆ ಅರ್ಧ ಬಸ್ಸು ಬಂದು ನಿಂತಿತ್ತು. ಪಾಯಾ ಅಗೆದವನೂ ಸುದ್ದಿ ಕೇಳಿ ಸಲಿಕೆ ಸಮೇತ ಬಂದಿದ್ದ.

"ಸಾಬಣ್ಣ, ಒಂದಽ ಶಬ್ದಕ್ಕ ನನಗೊಂದ ಅರ್ಥ, ಈ ಮೀಸಿಯಾಂವಗೊಂದ ಅರ್ಥ?"

"ಎರಡೂ ಖರೇನಽ ಬೇ. ಹನ್ನೊಂದದಾವು."

"ಹನ್ನೊಂದಾ?" ಗಂಗಯ್ಯನವರು ಮರದ ಆ ಕಡೆಯಿಂದ ಈ ಕಡೆಗೆ ಬಂದರು. ನೆರಳು ಇನ್ನೂ ಬಂದಿರಲಿಲ್ಲ, ಅವರು ಮೊದಲೇ ಬಂದರು. "ಕೇಳ್ರೆಪಾ! ಸಾಬ್ರ ಇಂಗ್ಲೀಷು ಸಂತಿಯೊಳಗಿನ ಬದನಿಕಾಯಿ. ಗಿರಾಕಿಗೊಂದ ರೇಟು. ಹಿಡಿ, ಮೂಸು, ಒಯ್ಯಿ! ಸುಳ್ಳ ಬೋರ್ಡ್ ಇದು. ಇಳಸ್ರಿ, ಜಾಗಾನೂ ಖಾಲಿ ಮಾಡ್ರಿ."

ಜಾಗದ ಮಾತು ಬಂದಾಗ ಸಾಬರ ಮುಖ ಬಿಗಿಯಿತು. ತಲೆಗೆ ಟೋಪಿ ಒತ್ತಿಕೊಂಡು ಎದ್ದರು.

"ಅಯ್ಯಾರ, ನಾ ಹೇಳಿದ್ದು ಸುಳ್ಳೋ ಖರೇನೋ, ಬರದವರನ್ನಽ ಕೇಳೋಣು. ಪುಟ್ ಅಪ್ ಅಂದ್ರೇನು ಅಂತ ಕಚೇರಿಯಿಂದ ಬರವಣಿಗಿಯೊಳಗ ತರತೇನಿ. ನಾ ಹೇಳಿದ್ದು ಅದರಾಗ ಇಲ್ಲಂದ್ರ ಬೋರ್ಡೂ ಇಳಸತೇನಿ, ಈ ಗಿಡದ ಬುಡಾನೂ ಬಿಡತೇನಿ. ಪೆಟ್ಟಿಗಿ ಹೊತ್ತು ಮನಿಗೆ ಹೋಗತೇನಿ."

"ಮಾತು?"

"ಗಂಡಸಿನ ಮಾತು."

"ಹಂಗಾರ ಪ್ರಕರಣ ಮುಗದ ದಿನ ಏಣಿ ಹುಡಕಾಕ ಹೋಗೂದು ಬ್ಯಾಡ," ಎಂದ ಗಂಗಯ್ಯನವರು ಅಂದೇ ಮಧ್ಯಾಹ್ನ ಎಲ್ಲಿಂದಲೋ ಒಂದು ಬಿದಿರಿನ ಏಣಿ ಹೊತ್ತು ತಂದು, ಬೋರ್ಡಿನ ಪಕ್ಕಕ್ಕೇ ಮರಕ್ಕೆ ಒರಗಿಸಿದರು.

ಸಾಬರು ಟೈಪ್ ಮಾಡಿದರು. ಹನ್ನೊಂದೂ ಅರ್ಥಗಳನ್ನು ಸಾಲಾಗಿ ನಮೂದಿಸಿ, 'ಇವುಗಳಲ್ಲಿ ತಮ್ಮ ಕಚೇರಿಯದು ಯಾವುದೆಂದು ತಿಳಿಸಬೇಕಾಗಿ ಬೇಡಿಕೊಳ್ಳುತ್ತೇನೆ' ಎಂದು ಮುಗಿಸಿ, ಸಾಕ್ಷಿಗೆಂದು ರಾಚವ್ವನ ಕಾಗದವನ್ನೂ ಅಮೋಘಸಿದ್ದಪ್ಪನ ಕಾಗದವನ್ನೂ ಹಿಂದೆ ಹೊಲಿದರು.

ಬಾಗಿಲಲ್ಲೇ ಜವಾನ ಮಡಿವಾಳೆಪ್ಪ ತಡೆದ. ಮೂವತ್ತು ವರ್ಷ ಅರ್ಜಿಗಳಿಗೆ ಶಿಕ್ಕಾ ಒತ್ತಿದವನು, ಕಾಗದದ ಜಾತಕ ಬಲ್ಲವನು.

"ಸಾಬ್ರ, ಬಾಯಿಲೆ ಕೇಳ್ರಿ. ಬಾಯಿಲೆ ಕೇಳಿದ್ರ ಚಹಾ ಸಿಗತೈತಿ. ಬರದು ಕೇಳಿದ್ರ ನಂಬರ್ ಸಿಗತೈತಿ. ನಂಬರ್ ಬಿದ್ದ ಕಾಗದಾ ಸಾಯೂದಿಲ್ರಿ. ಬದಕೂದೂ ಇಲ್ಲ."

"ಒತ್ತಪಾ ನೀ."

ಮಡಿವಾಳೆಪ್ಪ ನಿಟ್ಟುಸಿರು ಬಿಟ್ಟು ಶಿಕ್ಕಾ ಒತ್ತಿದ. ಆವಕ ಪುಸ್ತಕದಲ್ಲಿ ನಂಬರು ಬಿತ್ತು: ೪೧೧೭.

ಅರ್ಜಿ ಪರಪ್ಪನವರ ಮೇಜಿಗೆ ಬಂತು. ಅವರು ಓದಿದರು. ನಕ್ಕರು. ಪಕ್ಕದ ಮೇಜಿನವರಿಗೆ ಓದಿ ಹೇಳಿ ಮತ್ತೆ ನಕ್ಕರು. ನಗುತ್ತ ನಗುತ್ತಲೇ, ಮೂವತ್ತು ವರ್ಷದ ಕೈ ತಾನಾಗಿ ಹೋಗಿ ಕೆಂಪು ಪೆನ್ನು ಎತ್ತಿಕೊಂಡಿತು, ಅಂಚಿನಲ್ಲಿ ಗೀಚಿತು: 'ಪುಟ್ ಅಪ್'.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಕಚೇರಿಯ ರೂಢಿ ಬೇರೆ. ಅರ್ಜಿಯಲ್ಲಿ ಯಾವ ವಿಷಯದ ಹೆಸರು ಬಂದರೂ ಆ ವಿಷಯದವರ ಅಭಿಪ್ರಾಯ ತರಿಸದೆ ಕಾಗದ ಮುಂದೆ ಸರಿಯುವಂತಿಲ್ಲ. ಹನ್ನೊಂದು ಅರ್ಥ, ಹನ್ನೊಂದು ವಿಷಯ, ಹನ್ನೊಂದು ಪತ್ರ.

ಮೂರು ತಿಂಗಳಲ್ಲಿ ಉತ್ತರಗಳು ಬರತೊಡಗಿದವು. ಕಟ್ಟಡದವರು ಬರೆದರು: 'ನೀಲನಕ್ಷೆ ಲಗತ್ತಿಸಿಲ್ಲವಾದ್ದರಿಂದ ಸದರಿ ಅರ್ಥವನ್ನು ಕಟ್ಟಲಾಗದು.' ಪ್ರವಾಸಿ ಬಂಗಲೆಯ ಅಡಿಗೆಯವರು ಬರೆದರು: 'ಪುಟ್ ಅಪ್ ಎಂಬ ಹೆಸರಿನ ಸಾಹೇಬರು ಇಲ್ಲಿ ಇಳಿದುಕೊಂಡಿರುವುದಿಲ್ಲ, ಇಳಿಯುವುದಿದ್ದರೆ ಎರಡು ದಿನ ಮುಂಚೆ ತಿಳಿಸುವುದು, ಕೋಳಿ ತರಿಸಬೇಕಾಗುತ್ತದೆ.' ಖಡ್ಗದ ವಿಷಯ ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಿತ್ತು. 'ನಮ್ಮಲ್ಲಿನ ಖಡ್ಗಗಳೆಲ್ಲ ಒರೆಯಲ್ಲೇ ಇವೆ, ಎಣಿಸಿ ನೋಡಲಾಗಿದೆ' ಎಂದು ಬಂತು. ಉಪ್ಪಿನಕಾಯಿಯ ಬಗ್ಗೆ ಮಹಿಳಾ ಮಂಡಳದ ಇಂದ್ರವ್ವ ಎರಡೂವರೆ ಪುಟ ಬರೆದು, ಕೊನೆಗೆ ಸಾಸಿವೆ ಕಡಿಮೆ ಹಾಕುವವರನ್ನು ಖಂಡಿಸಿದ್ದಳು. ಸಹಿಸಿಕೊಳ್ಳುವ ವಿಷಯ ಯಾವ ಇಲಾಖೆಗೂ ಸೇರದೆ, ಎಲ್ಲ ಇಲಾಖೆಗಳಿಗೂ ಸುತ್ತಿ, 'ಸಾರ್ವಜನಿಕರಿಗೆ ಸಂಬಂಧಿಸಿದ್ದು' ಎಂಬ ಷರಾದೊಂದಿಗೆ ವಾಪಸಾಯಿತು.

ಚುನಾವಣೆಯ ವಿಷಯ ಮಾತ್ರ ಕಾಗದದಲ್ಲಿ ನಿಲ್ಲಲಿಲ್ಲ. ಯಾಕೂಬಸಾಬರ ಹೆಸರಿನ ಪತ್ರ ಆ ಶಾಖೆಗೆ ಹೋದದ್ದನ್ನು ಯಾರೋ ನೋಡಿದರು; ಸಂಜೆಯೊಳಗೆ ಸಾಬರು ಎಲೆಕ್ಷನ್ನಿಗೆ ನಿಂತರೆಂದು ಸುದ್ದಿ. ಓಣಿಯವರು ಹಾರ ತಂದರು. ರಾಮದುರ್ಗದಿಂದ ಹೆಂಡತಿ ಜುಬೇದಾಬಿಯ ತಮ್ಮ ರಫೀಕ್ ಹಾಸಿಗೆ ಸುತ್ತಿಕೊಂಡೇ ಬಂದಿಳಿದ.

"ಭಾವಾ, ಪ್ರಚಾರಕ್ಕ ಬಂದೇನಿ. ನಿಶಾನಿ ಯಾವ್ದು?"

"ಪೆಟ್ಟಿಗಿ," ಎಂದಳು ಜುಬೇದಾಬಿ ಒಳಗಿನಿಂದ, ಲಟ್ಟಣಿಗೆ ಕುಟ್ಟುತ್ತ. "ನಿಮ್ಮ ಭಾವಗ ಆ ಪೆಟ್ಟಿಗಿ ಹೊತ್ತ ಮನಿಗೆ ಬರೂ ಕಾಲ ಬಂದೈತಿ. ಅಲ್ರೀ, ನಂಗೂ ಆ ಎರಡ ಶಬ್ದಾ ಬರತಾವ. ಮೂವತ್ತ ವರ್ಷ ಆತು ನಿಮ್ಮನ್ನ ಪುಟ್ ಅಪ್ ಮಾಡ್ಕೋತಽ ಬಂದೇನಿ. ಯಾವ ಕಚೇರಿಗೂ ಅರ್ಜಿ ಹಾಕಿಲ್ಲ."

"ಅದಕ್ಕ ವಿಥ್ ಬೇಕಂತ," ಎಂದರು ಸಾಬರು ಮೆಲ್ಲಗೆ.

"ನಾ ನಿಮ್ಮ ವಿಥಽ ಅದೇನಲ್ಲ!"

ರಫೀಕ್ ಹದಿನೆಂಟು ದಿನ ಇದ್ದ. ಬಂದವರನ್ನು ಇಳಿಸಿಕೊಳ್ಳುವ ಅರ್ಥ, ಸಹಿಸಿಕೊಳ್ಳುವ ಅರ್ಥ ಎರಡೂ ಸಾಬರ ಮನೆಯಲ್ಲಿ ಒಂದೇ ಹಾಸಿಗೆಯ ಮೇಲೆ ಮಲಗಿದವು.

ಹೀಗೆ ವರ್ಷ ಹೊರಳಿತು. ಫೈಲು ಗೇಣುದ್ದ ದಪ್ಪವಾಯಿತು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಗುಮಾಸ್ತರು ಅದನ್ನು ಓದಿ ನಗುತ್ತಿದ್ದರು. ಆ ಕಚೇರಿಯಲ್ಲಿ ಪೂರ್ತಿ ಓದಿಸಿಕೊಂಡ ಫೈಲು ಅದೊಂದೇ. ರಾಚವ್ವ ಮಾತ್ರ ತಿಂಗಳಿಗೊಮ್ಮೆ ಬಂದು ಬೈಯುತ್ತಿದ್ದಳು. "ಹನ್ನೊಂದ ಅರ್ಥ ನೀನಽ ಇಟ್ಕೊಳ್ಳಪಾ. ನನಗ ಒಂದ ದಾರಿ ಸಾಕು. ನನ್ನ ಕಾಗದಾನೂ ಒಯ್ದು ನಿನ್ನ ಫೈಲಿನ ಬಾಲಕ್ಕ ಕಟ್ಟೀದಿ." ಆಗ ಮಾತ್ರ ಸಾಬರು ತಲೆ ತಗ್ಗಿಸುತ್ತಿದ್ದರು.

ಮರುವರ್ಷದ ಶ್ರಾವಣದಲ್ಲಿ ದೊಡ್ಡ ಸಾಹೇಬರ ತಪಾಸಣೆ ಗೊತ್ತಾಯಿತು. ಹೊಸಬರು, ಮೈಸೂರು ಕಡೆಯವರು. ಪರಪ್ಪನವರು ಗೋಡೆಗೆ ಸುಣ್ಣ ಹೊಡೆಸಿದರು, ಹೂಕುಂಡ ತರಿಸಿದರು, ಕೊನೆಗೆ ಬೇವಿನ ಮರದ ಕಡೆಗೆ ನೋಡಿದರು. ಅವತ್ತೇ ಗೇಟಿಗೆ ನೋಟೀಸು ಬಿತ್ತು. ಹೊಸದಾಗಿ ಬರೆಯುವ ಚಾಳಿ ಅಲ್ಲಿ ಇರಲಿಲ್ಲ. ಹಿಂದೆಂದೋ ಹಾಕಿದ್ದ ನೋಟೀಸಿನ ತಾರೀಖು ಬದಲಿಸಿ ನಕಲು ಇಳಿಸಿದ್ದರು: 'ಈ ಕಚೇರಿಯಲ್ಲಿ ಪ್ರಕರಣ ಬಾಕಿ ಇರುವ ಅರ್ಜಿದಾರರ ಹೊರತು ಇತರರು ಆವರಣದಲ್ಲಿ ಕೂಡ್ರಬಾರದು.'

ಮಡಿವಾಳೆಪ್ಪ ಇಬ್ಬರ ಪೆಟ್ಟಿಗೆಗಳನ್ನೂ ಎತ್ತಲು ಬಂದ. ಗಂಗಯ್ಯನವರು ಬೈದುಕೊಳ್ಳುತ್ತ ಎದ್ದರು. ಸಾಬರು ನೋಟೀಸನ್ನು ಎರಡು ಸಲ ಓದಿದರು. ಗಿರಾಕಿಯ ಕಾಗದವನ್ನಾದರೂ ಅವರು ಅಷ್ಟು ಲಕ್ಷ್ಯವಿಟ್ಟು ಓದಿದವರಲ್ಲ.

"ಮಡಿವಾಳೆಪ್ಪ, ನಂಬರ್ ನಾಕಸಾವಿರದ ಒಂದನೂರಾ ಹದಿನೇಳು. ಮುಗದೈತೇನು?"

"ಇಲ್ರಿ."

"ನಾ ಯಾರು?"

"ಯಾಕೂಬಸಾಬ್ರು."

"ಅಲ್ಲ. ಪ್ರಕರಣ ಬಾಕಿ ಇರೂ ಅರ್ಜಿದಾರ. ಕೆಳಗ ಇಡು ಪೆಟ್ಟಿಗಿ."

ಒಳಗಿಂದ ಪರಪ್ಪನವರೇ ಬಂದರು. "ಏನ್ರಿ ಸಾಬ್ರ, ಎದ್ದ ಹೋಗ್ರಿ ಅಂದ್ರ ಮೊಂಡಾಟ ಮಾಡ್ತೀರೇನು?"

"ನೋಟೀಸಿಗೆ ಸಹಿ ಯಾರದ್ರಿ? ನಿಮ್ಮದು. ನೀವು ಬರದದ್ದು ಖರೇ ಇತ್ತಂದ್ರ ನಾ ಏಳೂದಿಲ್ಲ. ಸುಳ್ಳಂತ ಬರದ ಕೊಡ್ರಿ, ಈಗಽ ಏಳತೇನಿ."

ಬರೆದು ಕೊಡುವುದು! ಪರಪ್ಪನವರು ಹಿಂದಕ್ಕೆ ಹೆಜ್ಜೆ ಇಟ್ಟರು. ಈ ಮನುಷ್ಯನಿಗೆ ಒಂದು ಸಾಲು ಬರೆದರೆ ಹನ್ನೊಂದು ಪತ್ರ ಹುಟ್ಟುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ಸಾಬರು ಉಳಿದರು. ಗಂಗಯ್ಯನವರು ರಸ್ತೆಯಾಚೆ ಕಬ್ಬಿನ ಹಾಲಿನ ಗಾಣದ ಪಕ್ಕ ಛತ್ರಿ ಹಿಡಿದು ಕೂತರು. ಮೊದಲ ದಿನ ಗಾಳಿ ಛತ್ರಿಯನ್ನು ಮುನವಳ್ಳಿ ಬಸ್ಸಿನ ಕಿಟಕಿಗೆ ಕೊಟ್ಟಿತು. ಎರಡನೆಯ ದಿನ ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಕಾಗದದ ಮೇಲೆ ಬಿತ್ತು. ಮೂರನೆಯ ದಿನ ಅವರು ಗೇಟಿನ ಸಂದಿಯಿಂದ ಕರೆದರು.

"ಸಾಬ್ರ."

"ಏನ್ರಿ ಅಯ್ಯಾರ?"

"ಹನ್ನೊಂದರಾಗ ಒಂದ ಅರ್ಥ ನನಗ ಬಿಟ್ಟ ಕೊಡ್ರಿ."

ಸಾಬರು ಮರಕ್ಕೆ ಒರಗಿದ್ದ ಏಣಿಯ ಕಡೆ ನೋಡಿದರು. ಹೆಚ್ಚುಕಡಿಮೆ ಒಂದು ವರ್ಷ ಅದನ್ನೇ ನೋಡಿದ್ದರು. ಈಗ ಒಂದು ನಿಮಿಷ ಗಂಗಯ್ಯನವರೂ ನೋಡಲಿ ಎಂದು ಟೈಪ್‌ರೈಟರಿನ ಧೂಳು ಒರೆಸಿದರು. ಆಮೇಲೆ ಕೇಳಿದರು: "ಯಾವ್ದ ಬೇಕು?"

"ಉಪ್ಪಿನಕಾಯಿ ಕೊಡ್ರಿ. ನಮ್ಮ ಮನ್ಯಾಗ ರೂಢಿ ಐತಿ."

'ಯಾಕೂಬಸಾಬರು ನಮೂದಿಸಿದ ಉಪ್ಪಿನಕಾಯಿ ಎಂಬ ಅರ್ಥಕ್ಕೆ ನನ್ನ ಸಖತ್ ತಕರಾರಿದೆ' ಎಂದು ಗಂಗಯ್ಯನವರು ಚಂದದ ಕನ್ನಡದಲ್ಲಿ ಅರ್ಜಿ ಬರೆದರು. ಮಡಿವಾಳೆಪ್ಪ ಶಿಕ್ಕಾ ಒತ್ತಿದ. ವಿಷಯ ಒಂದೇ ಆದ್ದರಿಂದ ಅದನ್ನೂ ಅದೇ ಫೈಲಿಗೆ ಹೊಲಿದರು. ಮಧ್ಯಾಹ್ನದ ನೆರಳಿಗೆ ಸರಿಯಾಗಿ ಗಂಗಯ್ಯನವರು ತಮ್ಮ ಮಗ್ಗುಲಿಗೆ ಬಂದು ಕೂತಿದ್ದರು, ಬಾಕಿ ಇರುವ ಅರ್ಜಿದಾರರಾಗಿ.

ತಪಾಸಣೆಯ ದಿನ ದೊಡ್ಡ ಸಾಹೇಬರು ಎಲ್ಲಕ್ಕಿಂತ ದಪ್ಪನೆಯ ಫೈಲು ತನ್ನಿ ಎಂದರು. ಬಂದದ್ದು ಅದೇ. ಸಾಹೇಬರು ಓದುತ್ತ ಹೋದರು. ಕೋಳಿ ತರಿಸುವ ಸಾಲಿಗೆ ಬಂದಾಗ ಕೆಮ್ಮಿದರು, ಸಾಸಿವೆಯ ಹತ್ತಿರ ನೀರು ಕುಡಿದರು.

"ಏನ್ರೀ ಇದು ಪರಪ್ಪನವರೇ? ಮೂವತ್ತು ವರ್ಷದಿಂದ ಇದನ್ನು ಬರೀತಿದ್ದೀರಿ. ಏನು ಇದರರ್ಥ?"

ಪರಪ್ಪನವರು ಹೂಕುಂಡದ ಕಡೆ ನೋಡಿದರು. "ಅದು... ಮುಂದಿನವರು ನೋಡಲಿ ಅಂತ್ರಿ ಸರ್."

"ಕರೀರಿ ಅರ್ಜಿದಾರರನ್ನ."

ಸಾಬರು ಬಂದರು, ಗಂಗಯ್ಯನವರು ಬಂದರು, ಅಂದು ತಿಂಗಳ ಬೈಗುಳದ ದಿನವಾದ್ದರಿಂದ ರಾಚವ್ವನೂ ಬಂದಳು. ಅವಳು ಹೋದಲ್ಲಿಗೆಲ್ಲ ಕಾವಲಿಗೆ ಹೋಗುತ್ತಿದ್ದ ಅಮೋಘಸಿದ್ದಪ್ಪ ಬಾಗಿಲಲ್ಲಿ ನಿಂತ. ಸಾಹೇಬರು ಫೈಲಿನ ಕೊನೆಗೆ ಬಂದು ಹೊಲಿದಿದ್ದ ಎರಡು ಕಾಗದ ಬಿಡಿಸಿದರು.

"ಈ ದಾರಿ ವಿಷಯ ಏನು? ಇದಕ್ಕೆ ಏನು ಮಾಡಿದ್ದೀರಿ?"

ಪರಪ್ಪನವರು ಮತ್ತೆ ಹೂಕುಂಡದ ಕಡೆ ತಿರುಗಿದರು. ರಾಚವ್ವ ಮಾತಾಡಿದಳು. "ಮ್ಯಾಲ ಇಟ್ಟಾರ್ರೀ ಸಾಹೇಬ್ರ. ವರ್ಷಾತು. ಮ್ಯಾಲ ಇಟ್ಟ ಮ್ಯಾಲ ಕೆಳಗ ನನ್ನ ಎತ್ತು ಎಲ್ಲಿ ನಡೀಬೇಕ್ರಿ?"

ಸಾಹೇಬರು ನಕ್ಷೆ ತರಿಸಿದರು. ದಾರಿ ಕೆಂಪು ಗೆರೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ನೋಡಲು ಒಂದು ನಿಮಿಷ ಹಿಡಿಯಿತು. "ಸೋಮವಾರ ಹೋಗಿ ದಾರಿ ಬಿಡಿಸಿ ಬನ್ನಿ," ಎಂದು ಅಲ್ಲಿಯೇ ಸಹಿ ಮಾಡಿದರು. ಬಾಗಿಲಲ್ಲಿದ್ದ ಮೀಸೆಯ ಕಡೆ ತಿರುಗಿ, "ನಿಮ್ಮ ತಕರಾರೇನಾದರೂ ಇದೆಯೇ?" ಎಂದರು.

ಅಮೋಘಸಿದ್ದಪ್ಪ ಮೀಸೆಯನ್ನು ಕೆಳಮುಖಕ್ಕೆ ಸವರಿಕೊಂಡ. "ಏನ ಹೇಳೂದ್ರಿ ಸರ್. ಸಾಬ್ರು ವರ್ಷದ ಹಿಂದಽ ಹೇಳಿದ್ರು. ಸಹಿಸ್ಕೋ ಅಂತ."

ರಾಚವ್ವ ಸಾಬರ ಕಡೆ ತಿರುಗಿದಳು. ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಬೈಗುಳ ಬರಲಿಲ್ಲ. "ಖರೇನಽ ಮ್ಯಾಲ ಹೋತಲ್ಲೋ ಸಾಬಣ್ಣ ನನ್ನ ಕಾಗದಾ!"

"ಈಗ ಇದನ್ನ ಮುಗಿಸಿ," ಎಂದರು ಸಾಹೇಬರು. ಪರಪ್ಪನವರು ಉತ್ತರವನ್ನು ಕಿಸೆಯಲ್ಲೇ ಇಟ್ಟುಕೊಂಡು ಬಂದಿದ್ದರು. 'ಪುಟ್ ಅಪ್ ಎಂದರೆ ಮೇಲಧಿಕಾರಿಗಳ ಮುಂದೆ ಮಂಡಿಸುವುದು. ಪ್ರಕರಣ ಮುಕ್ತಾಯ.' ಕೆಳಗೆ ಅರ್ಜಿದಾರನ ಸಹಿಗೆ ಜಾಗ: 'ಒಪ್ಪಿದೆ.'

ಸಾಬರು ಕಾಗದ ಹಿಡಿದರು. ಮಂಡಿಸುವುದು! ಮಗಳ ಹನ್ನೊಂದರಲ್ಲಿ ಅದು ಇರಲೇ ಇಲ್ಲ. ಒಪ್ಪಿದರೆ ಪ್ರಕರಣ ಮುಗಿಯುತ್ತದೆ. ಮುಗಿದರೆ ಮಾತಿನ ಪ್ರಕಾರ ಬೋರ್ಡು ಇಳಿಯುತ್ತದೆ, ನೋಟೀಸಿನ ಪ್ರಕಾರ ಮರದ ಬುಡವೂ ಹೋಗುತ್ತದೆ. ಪರಪ್ಪನವರು ಪೆನ್ನಿನ ಟೊಪ್ಪಿಗೆ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು, ಅಕ್ಷತೆ ಕೊಡುವವರ ಹಾಗೆ.

ಆಗ ಹಿಂದಿನಿಂದ ಯಾರೋ ಸಾಬರ ಅಂಗಿಯ ಚುಂಗು ಜಗ್ಗಿದರು. ಏಣಿ ತಂದ ಗಂಗಯ್ಯನವರು.

"ಒಪ್ಪಬ್ಯಾಡ್ರಿ ಸಾಬ್ರ!" ಎಂದು ಪಿಸುಗುಟ್ಟಿದರು. "ನನ್ನ ಉಪ್ಪಿನಕಾಯಿನೂ ಅದರಾಗಽ ಐತಿ!"

"ಸರ್," ಎಂದರು ಯಾಕೂಬಸಾಬರು, ಪೆನ್ನನ್ನು ಮೆಲ್ಲಗೆ ಬದಿಗೆ ಸರಿಸಿ, "ನಂಗ ಹತ್ತ ನಿಮಿಷ ಟೈಮ್ ಕೊಡ್ರಿ."

ಹೊರಗಿನಿಂದ ಟೈಪ್‌ರೈಟರಿನ ಸದ್ದು ಬಂತು, ಹುರಿಗಡಲೆ ಸಿಡಿದ ಹಾಗೆ. 'ಬೆಗ್' ಎಂದು ಹೊಡೆಯಲು ಹೋದ ಬೆರಳು ಗಾಳಿಯಲ್ಲೇ ನಿಂತಿತು. ಕ್ಯೂ ಇಲ್ಲದ ಇನ್ನೊಂದು ಶಬ್ದವಿತ್ತು. ಇಪ್ಪತ್ತೆರಡು ವರ್ಷ, ಈಗ ಇಪ್ಪತ್ಮೂರು, ಅದು ಹೊಳೆದೇ ಇರಲಿಲ್ಲ. ಸಾಬರು 'ಡಿಮ್ಯಾಂಡ್' ಎಂದು ಹೊಡೆದರು. ಒಂದೊಂದು ಅಕ್ಷರವನ್ನೂ ಎರಡೆರಡು ಸಲ, ದಪ್ಪವಾಗಿ ಕಾಣಲೆಂದು.

'ಕಚೇರಿಯ ಅರ್ಥವು ಹನ್ನೆರಡನೆಯದು. ಹಿಂದಿನ ಹನ್ನೊಂದನ್ನು ಯಾವ ಕಾರಣಕ್ಕೆ ತಳ್ಳಿಹಾಕಲಾಯಿತು, ಅವುಗಳ ಪೈಕಿ ಎರಡು ಇಂದು ತಮ್ಮ ಸಮಕ್ಷಮದಲ್ಲೇ ಖರೆಯಾಗಿರುವಾಗ? ಒಂದೊಂದಕ್ಕೂ ಪ್ರತ್ಯೇಕ ಕಾರಣ ಕೊಡಬೇಕೆಂದು ಒತ್ತಾಯಿಸುತ್ತೇನೆ. ಅಲ್ಲಿಯವರೆಗೆ ಒಪ್ಪುವುದಿಲ್ಲ.'

ಮಡಿವಾಳೆಪ್ಪ, ಯಾರೂ ಹೇಳದೆಯೇ, ಶಿಕ್ಕಾ ಒತ್ತಿ ತಂದು ಸಾಹೇಬರ ಮುಂದೆ ಇಟ್ಟ.

ಸಾಹೇಬರು ಓದಿದರು. ಗಡಿಯಾರ ನೋಡಿದರು. ಇನ್ನೂ ನಲವತ್ತು ಫೈಲುಗಳಿದ್ದವು, ಹೊರಗೆ ಜೀಪು ಕಾಯುತ್ತಿತ್ತು. ಪೆನ್ನು ಎತ್ತಿ ಅಂಚಿನಲ್ಲಿ ಏನೋ ಬರೆದು ಫೈಲನ್ನು ಪಕ್ಕಕ್ಕೆ ತಳ್ಳಿದರು.

ಪರಪ್ಪನವರು ಬಗ್ಗಿ ನೋಡಿದರು. ಆಮೇಲೆ ಪಕ್ಕದ ಮೇಜಿನವರು. ಆಮೇಲೆ ಮಡಿವಾಳೆಪ್ಪ. ಸಾಹೇಬರೂ ತಿರುಗಿ ನೋಡಿ, ಅದು ತಮ್ಮದೇ ಕೈಬರಹ ಹೌದೋ ಅಲ್ಲವೋ ಎಂದು ಕನ್ನಡಕ ಸರಿಪಡಿಸಿಕೊಂಡರು. ಹೌದು. 'ಪುಟ್ ಅಪ್.'

ಸಂಜೆ ಗಂಗಯ್ಯನವರು ಆ ಬಿದಿರಿನ ಏಣಿ ಹತ್ತಿದರು. ಮುನವಳ್ಳಿ ಬಸ್ಸಿಗೆ ಹೊರಟ ಮಂದಿಯೆಲ್ಲ ನಿಂತು ನೋಡಿದರು. ಆ ಏಣಿ ಯಾವುದಕ್ಕೆ ಬಂದದ್ದೆಂದು ಸವದತ್ತಿಗೆಲ್ಲ ಗೊತ್ತಿತ್ತು. ಅಯ್ಯಾರ ಕೈಯಲ್ಲಿ ಒಂದು ಬಣ್ಣದ ಡಬ್ಬಿ ಇತ್ತು. ಎರಡು ಶ್ರಾವಣದ ಮಳೆಗೆ 'ಸಕಲ' ಮಾಸಿಹೋಗಿತ್ತು. ಅದರ ಮೇಲೆ ನಾಲಿಗೆ ಕಚ್ಚಿಕೊಂಡು ಕುಂಚ ಆಡಿಸತೊಡಗಿದರು.

ಕಂಡಕ್ಟರು ಕೆಳಗಿನಿಂದ ಕೂಗಿದ. "ಅಯ್ಯಾರ, ಬೋರ್ಡ್ ಇಳಸಾಕಂತ ತಂದ ಏಣಿ ಅಲ್ಲೇನ್ರಿ ಅದು?"

"ಇಳಸೂಹಂಗಿಲ್ಲ," ಎಂದರು ಗಂಗಯ್ಯನವರು, ಕುಂಚ ತೆಗೆಯದೆ. "ಪ್ರಕರಣ ಬಾಕಿ ಐತಿ."